ಎರಡು ಗೆರೆ ಹೆಚ್ಚು

ನಾನು ನಿವೃತ್ತನಾದ ಮೇಲೂ ಬೆಳಿಗ್ಗೆ ಐದಕ್ಕೆ ಏಳುತ್ತೇನೆ. ಐದೂವರೆಗೆ ಸ್ನಾನ, ಆರಕ್ಕೆ ಪೇಪರು, ಏಳಕ್ಕೆ ತಿಂಡಿ. ವಿಕ್ರೋಳಿಯ ಕಾರ್ಖಾನೆಯ ಟೂಲ್‌ರೂಮಿನಲ್ಲಿ ಮೂವತ್ತೆಂಟು ವರ್ಷ ದುಡಿದವನಿಗೆ ಬೇರೆ ರೀತಿ ಬದುಕಲು ಬರುವುದಿಲ್ಲ. ಬೊರಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಇದಕ್ಕಾಗಿ ನನ್ನನ್ನು ನೋಡಿ ನಗುವವರಿದ್ದಾರೆ. ನೀರು ಬರುವ ಹೊತ್ತು ಯಾವುದೆಂದು ಕೇಳಲು ಅವರೇ ನನ್ನ ಬಾಗಿಲು ತಟ್ಟುತ್ತಾರೆ.

ನಮ್ಮ ಊರ ಕಡೆಯವರೇ ನಡೆಸುವ ಒಂದು ಕಾಲೇಜು ನನ್ನನ್ನು ಕರೆದದ್ದು ಹೋದ ವರ್ಷ. ಡಿಪ್ಲೊಮಾ ಓದುವ ಮಕ್ಕಳನ್ನು ಆರು ವಾರ ಕಾರ್ಖಾನೆಗೆ ಕಳಿಸುತ್ತಾರಂತೆ. ಅವರ ಮೇಲೆ ಕಣ್ಣಿಡಲು ಅನುಭವಸ್ಥರು ಬೇಕಂತೆ. ಹೋದೆ. ಗೇಟಿನ ಮೇಲೆ ಹತ್ತು ಅಡಿ ಉದ್ದದ ಬ್ಯಾನರು: 'ಅನುಭವದಿಂದ ಕಲಿಕೆ, ಕಲಿಕೆಯಿಂದ ಉದ್ಯೋಗ'. ಕೆಳಗೆ ಹೆಲ್ಮೆಟ್ ಹಾಕಿಕೊಂಡ ನಾಲ್ಕು ಮಕ್ಕಳು ನಗುತ್ತಿರುವ ಚಿತ್ರ. ಹೆಲ್ಮೆಟ್ಟಿನ ಪಟ್ಟಿ ಒಬ್ಬರದೂ ಗಲ್ಲದ ಕೆಳಗೆ ಕಟ್ಟಿರಲಿಲ್ಲ.

ಮಕ್ಕಳನ್ನು ಕೆಲಸಕ್ಕೆ ಸೇರಿಸುವ ಜವಾಬ್ದಾರಿ ಹೊತ್ತ ಪ್ರೊಫೆಸರು ನಮ್ಮ ಮಂಗಳೂರಿನ ಕಡೆಯವರು. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಶರ್ಟು, ಮಾತಿಗೊಮ್ಮೆ ಗಡಿಯಾರ ನೋಡುತ್ತಾರೆ. ಆದರೂ ನನ್ನನ್ನು ಇಪ್ಪತ್ತು ನಿಮಿಷ ಕಾಯಿಸಿದರು.

"ಮಾಸ್ಟ್ರೇ, ನಿಮಗೆ ಜಾಸ್ತಿ ತೊಂದರೆ ಇಲ್ಲ. ವಾರಕ್ಕೊಮ್ಮೆ ಕುರ್ಲಾದ ವರ್ಕ್‌ಶಾಪಿಗೆ ಹೋಗಿ ಮಕ್ಕಳ ಪುಸ್ತಕಕ್ಕೆ ಸೈ ಹಾಕಿದ್ರೆ ಆಯ್ತು."

"ಸೈ ಹಾಕ್ಲಿಕ್ಕೆ ರಬ್ಬರ್ ಸ್ಟ್ಯಾಂಪ್ ಸಾಕಲ್ಲ? ನಾನು ಎಂತಕ್ಕೆ?"

ಅವರು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆಂದು ಎಣಿಸಿದರು.

ಆರು ಮಕ್ಕಳನ್ನು ನನಗೆ ಒಪ್ಪಿಸಿದರು. ಐವರು ಹುಡುಗರು, ಒಬ್ಬಳು ಹುಡುಗಿ. ಒಬ್ಬೊಬ್ಬರಿಗೂ ನೀಲಿ ರಟ್ಟಿನ ತರಬೇತಿ ಪುಸ್ತಕ. ದಿನಕ್ಕೊಂದು ಪುಟ, ಕಡೆಯ ಪುಟದಲ್ಲಿ ನನ್ನ ಅಭಿಪ್ರಾಯ ಮತ್ತು ಸಹಿ. ಆ ಪುಟ ಚೆನ್ನಾಗಿದ್ದವರನ್ನು ವಿಕ್ರೋಳಿಯ ನನ್ನ ಹಳೆಯ ಕಾರ್ಖಾನೆ ಅಳತೆ ಪರೀಕ್ಷಿಸುವ ವಿಭಾಗಕ್ಕೆ ಸಂದರ್ಶನಕ್ಕೆ ಕರೆಯುತ್ತಿತ್ತು.

ಹುಡುಗಿಯ ಅಪ್ಪ ಅಮ್ಮ ಜಮಖಂಡಿ ಕಡೆಯಿಂದ ಬಂದವರು. ಅಪ್ಪ ಕಟ್ಟಡಗಳಲ್ಲಿ ಕಬ್ಬಿಣದ ಸರಳು ಕಟ್ಟುವವರು. ಬೊರಿವಲಿಯಲ್ಲಿ ನಮ್ಮ ರಸ್ತೆಯ ತುದಿಯ ಟವರಿನಲ್ಲೇ ಅವರ ಕೆಲಸ, ಅದರ ಪಕ್ಕದ ತಗಡಿನ ಮನೆಯಲ್ಲೇ ಅವರ ವಾಸ. ಕೆಲಸ ಮುಗಿದ ಮೇಲೆ ಮೇಸ್ತ್ರಿ ಇಡೀ ತಂಡವನ್ನು ನಾಸಿಕದ ಕಡೆಗೆ ಒಯ್ಯುವವನಿದ್ದ. ನೌಕರಿ ಸಿಕ್ಕಿದರೆ ಅವಳು ಕುರ್ಲಾದ ಚಾಳಿನಲ್ಲಿರುವ ಅತ್ತೆಯ ಮನೆಯಲ್ಲಿ ಉಳಿಯಬಹುದು. ಸಿಗದಿದ್ದರೆ ಸಾಮಾನು ಕಟ್ಟಿಕೊಂಡು ಟೆಂಪೊ ಹತ್ತಬೇಕು. ಇದನ್ನೆಲ್ಲ ಮೊದಲ ದಿನವೇ, ನಾನು ಕೇಳದೆ, ಹೇಳಿದಳು.

"ಅದಕ್ಕ ನನಗ ಈ ಪುಸ್ತಕ ಬರೋಬ್ಬರಿ ಆಗಬೇಕ್ರಿ ಸರ."

"ಕೆಲಸ ಬರೋಬ್ಬರಿ ಆದ್ರೆ ಪುಸ್ತಕ ಆಗ್ತದೆ. ಮನೆ ಕತೆ ನನಗೆ ಬೇಡ" ಎಂದೆ.

ಅವಳು ನನ್ನನ್ನು ನೋಡಿದ ನೋಟ ನನಗೆ ಗೊತ್ತಿತ್ತು. ಅದೇ ನೋಟದಿಂದ ನಾನೂ ಒಬ್ಬರನ್ನು ನೋಡಿದ್ದೆ.

ನನ್ನನ್ನು ತರಬೇತುಗೊಳಿಸಿದ ಹಿರಿಯರು ತಮಿಳರು, ಕುಳ್ಳರು, ಎಂದೂ ನಗದವರು. ಮೊದಲ ತಿಂಗಳಿಡೀ ನನ್ನ ಕೈಗೆ ಅವರು ಕೊಟ್ಟದ್ದು ಒಂದು ಬಟ್ಟೆ. ಬೆಳಿಗ್ಗೆ ಏಳೂವರೆಯಿಂದ ಉಪಕರಣಗಳನ್ನು ಒರೆಸು, ಎಣ್ಣೆ ಹಚ್ಚು, ಪೆಟ್ಟಿಗೆಯಲ್ಲಿಡು. ಅಳೆಯಲು ಬಿಡಲಿಲ್ಲ. ಎರಡನೆಯ ತಿಂಗಳು ಅಳೆಯಲು ಬಿಟ್ಟರು, ಆದರೆ ನಾಲ್ಕು ವಾರ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಐದನೆಯ ವಾರ ಬಂದು ನಾನು ಬರೆದದ್ದನ್ನೆಲ್ಲ ತಾವೇ ಮತ್ತೆ ಅಳೆದರು. ಅವರ ಒಂದು ಮಾತು ಟೂಲ್‌ರೂಮಿನಲ್ಲಿ ಎಲ್ಲರಿಗೂ ಬಾಯಿಪಾಠ: ಅಳತೆ ತಪ್ಪಿದರೆ ಮೊದಲು ಉಪಕರಣವನ್ನು ಅನುಮಾನಿಸು, ಆಮೇಲೆ ವಸ್ತುವನ್ನು, ಕಡೆಗೆ ಮನುಷ್ಯನನ್ನು. ಇನ್ನೊಂದು ಶಿಸ್ತು, ಬರೆದದ್ದು ತಪ್ಪಾದರೆ ಅಳಿಸಕೂಡದು. ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಕಾಣುವಂತಿರಬೇಕು, ಪಕ್ಕದಲ್ಲಿ ಸಹಿ ಇರಬೇಕು. ಆ ಮನುಷ್ಯನನ್ನು ನಾನು ದ್ವೇಷಿಸುತ್ತಿದ್ದೆ. ಅವರು ಹೇಳಿದ್ದೊಂದನ್ನೂ ಬಿಡದೆ ಮೂವತ್ತೆಂಟು ವರ್ಷ ಪಾಲಿಸಿದೆ.

ಕುರ್ಲಾದ ವರ್ಕ್‌ಶಾಪು ಸ್ಟೇಷನ್ನಿನಿಂದ ಹದಿನೈದು ನಿಮಿಷದ ನಡಿಗೆ. ಓಣಿಯೊಳಗೊಂದು ಓಣಿ, ಅದರೊಳಗೆ ತಗಡಿನ ಶೆಡ್ಡು. ನಾಲ್ಕು ಲೇತ್ ಯಂತ್ರ, ನಾಲ್ವರು ಕೆಲಸಗಾರರು, ಒಬ್ಬ ಶೇಠು. ಅಲ್ಲಿ ತಯಾರಾಗುತ್ತಿದ್ದದ್ದು ಬೆರಳು ದಪ್ಪದ ಉಕ್ಕಿನ ಪಿನ್ನುಗಳು. ನಾನು ಮೊದಲ ಸಲ ಹೋದಾಗ ಆರೂ ಮಕ್ಕಳು ನೆಲದ ಮೇಲೆ ಕುಳಿತು ಪಿನ್ನುಗಳಿಗೆ ಎಣ್ಣೆ ಕಾಗದ ಸುತ್ತುತ್ತಿದ್ದರು. ಅನುಭವದಿಂದ ಕಲಿಕೆ!

"ಟ್ರೇನಿಂಗ್ ಹೀ ತೋ ಹೈ, ಕಾಕಾ" ಎಂದ ಶೇಠು. ಇದೂ ತರಬೇತಿಯೇ ಅಲ್ಲವೇ ಎಂದು.

"ನಿನ್ನ ಮಗನಿಗೂ ಇದೇ ತರಬೇತಿ ಕೊಡ್ತೀಯಾ?" ಎಂದು ನಾನು ಹಿಂದಿಯಲ್ಲೇ ಕೇಳಿದೆ. ಅಂದಿನಿಂದ ಅವನು ನನಗೆ ಚಹಾ ತರಿಸಲಿಲ್ಲ. ನಾನು ಹೊರಗಿನ ಚಹಾ ಕುಡಿಯುವುದೂ ಇಲ್ಲ.

ಅಂದೇ ಕ್ರಮ ಹಾಕಿದೆ. ಒಬ್ಬೊಬ್ಬರಿಗೂ ಒಂದು ಟ್ರೇ. ದಿನಕ್ಕೆ ನಲವತ್ತು ಪಿನ್ನು, ಪ್ರತಿಯೊಂದಕ್ಕೂ ಸಂಖ್ಯೆಯ ಚೀಟಿ. ಪ್ರತಿಯೊಂದನ್ನೂ ಮೈಕ್ರೋಮೀಟರಿನಲ್ಲಿ ಅಳೆದು ಪುಸ್ತಕದಲ್ಲಿ ಬರೆಯಬೇಕು. ಕಡೆಯ ಟ್ರೇಯನ್ನು ನಾನು ಬರುವವರೆಗೆ ಕಳಿಸಕೂಡದು. ಪಿನ್ನು ಇಪ್ಪತ್ತು ಮಿಲಿಮೀಟರಿಗಿಂತ ದಪ್ಪವಿರಬಾರದು. ಮೂರು ಗೆರೆ ತೆಳ್ಳಗಿದ್ದರೆ ನಡೆಯುತ್ತದೆ. ಒಂದು ಗೆರೆ ಎಂದರೆ ಮಿಲಿಮೀಟರಿನ ನೂರನೆಯ ಒಂದು ಪಾಲು, ಕೂದಲಿಗಿಂತ ಎಷ್ಟೋ ಸಣ್ಣದು. ನನ್ನ ಸ್ವಂತ ಮೈಕ್ರೋಮೀಟರನ್ನು ಮರದ ಪೆಟ್ಟಿಗೆಯಿಂದ ತೆಗೆದು, ಹೇಗೆ ಹಿಡಿಯಬೇಕು, ಎಷ್ಟು ಬಿಗಿಸಬೇಕು, ಗೆರೆ ಹೇಗೆ ಓದಬೇಕು, ಎಲ್ಲ ತೋರಿಸಿದೆ. ಶೇಠಿನ ಕಪಾಟಿನಲ್ಲಿ ಒಂದೇ ಒಂದು ಮೈಕ್ರೋಮೀಟರ್ ಇತ್ತು. ಬೇಕಾದವರು ಕಪಾಟಿನ ಬಳಿಯ ನೋಟುಬುಕ್ಕಿನಲ್ಲಿ ಹೆಸರು ಬರೆದು ಒಯ್ಯಬೇಕು ಎಂದೆ. ನಾಲ್ಕು ವಾರ ಬಂದು ಹಾಜರಿ ಮಾತ್ರ ನೋಡಿದೆ. ಪುಸ್ತಕದಲ್ಲಿ ಇಣುಕಲಿಲ್ಲ. ನಾನು ಕಲಿತದ್ದು ಹಾಗೆ.

ಐದನೆಯ ವಾರ ಪರೀಕ್ಷೆ. ಒಬ್ಬೊಬ್ಬರ ಕಡೆಯ ಟ್ರೇಯಿಂದ ಹತ್ತು ಪಿನ್ನು ಆರಿಸಿ, ನನ್ನ ಮೈಕ್ರೋಮೀಟರಿನಿಂದ ಅಳೆದು ನನ್ನ ಹಾಳೆಯಲ್ಲಿ ಬರೆದೆ. ಅರವತ್ತೂ ಸರಿಯಿದ್ದವು. ಆಮೇಲೆ ಪುಸ್ತಕ ತೆರೆದೆ. ಹುಡುಗರ ಐದು ಪುಸ್ತಕದಲ್ಲೂ ಎಲ್ಲ ಅಳತೆ ಮಿತಿಯೊಳಗೆ. ಹುಡುಗಿಯ ಪುಸ್ತಕದಲ್ಲಿ ಹತ್ತರಲ್ಲಿ ಎಂಟು ಪಿನ್ನು ದಪ್ಪ ಎಂದು ಬರೆದಿತ್ತು. ಹಿಂದಿನ ಪುಟಗಳನ್ನು ತಿರುವಿದೆ. ದಿನ ದಿನವೂ ಹಾಗೆಯೇ. ಒಳ್ಳೆಯ ಪಿನ್ನುಗಳನ್ನೆಲ್ಲ ಅವಳು ನಾಲ್ಕು ವಾರದಿಂದ ಹಾಳು ಎಂದು ಬರೆಯುತ್ತ ಬಂದಿದ್ದಳು.

"ಎಂತ ಇದು?"

"ಅಳತಿ ರೀ ಸರ."

"ಅಳತೆ ಅಂತ ನನಗೂ ಗೊತ್ತುಂಟು. ಪಿನ್ನು ಸರಿ ಉಂಟು. ನೀನು ಬರೆದದ್ದು ತಪ್ಪು."

"ನನಗ ಹಂಗ ಬಂತ್ರಿ, ಹಂಗ ಬರದೇನಿ. ಶೇಠ್‌ಗೂ ಹೇಳೀನಿ, ಪಿನ್ ದಪ್ಪ ಬರಾಕತ್ತಾವ ಅಂತ. 'ಓಕೆ ಲಿಖ್ ದೇ', ಸರಿ ಐತಿ ಅಂತ ಬರದುಬಿಡು ಅಂದ. ನಾ ಬರೀಲಿಲ್ಲ."

ಲೇತಿನ ಮುಂದಿದ್ದ ಕೆಲಸಗಾರ ನಕ್ಕ. ಅವನ ಬಳಿ ಒಂದು ಉಕ್ಕಿನ ಬಳೆಯಿತ್ತು. ಪಿನ್ನು ಬಳೆಯೊಳಗೆ ತೂರಿದರೆ ಸರಿ, ತೂರದಿದ್ದರೆ ತಪ್ಪು. ಪುಸ್ತಕದ ಅಂಕಿಗಳನ್ನು ಆ ಶೆಡ್ಡಿನಲ್ಲಿ ಓದುವವರೇ ಇರಲಿಲ್ಲ.

"ಈ ಐವರಿಗೆ ಸರಿ ಬಂದದ್ದು ನಿನಗೆ ಮಾತ್ರ ಹೇಗೆ ತಪ್ಪಿತು?"

"ಅವ್ರನ್ನ ಕೇಳ್ರಿ" ಎಂದಳು. ಹುಡುಗರಲ್ಲಿ ಒಬ್ಬ ಮೊಬೈಲು ನೋಡುತ್ತಿದ್ದ. ಮತ್ತೊಬ್ಬ ಹಿಂದಿಯಲ್ಲಿ, "ಮೇಡಂಗೆ ಕನ್ನಡಕ ಬೇಕು, ಸರ್" ಎಂದ. ಐವರೂ ನಕ್ಕರು.

ನಾನು ಕೇಳಲಿಲ್ಲ. ತರಬೇತಿಗೆ ಬಂದು ಎದುರುತ್ತರ ಕೊಡುವವರನ್ನು ನಾನು ಬಹಳ ನೋಡಿದ್ದೆ. ಅವಳ ಪುಸ್ತಕದ ಕಡೆಯ ಪುಟದಲ್ಲಿ ಶಾಯಿಯಲ್ಲಿ ಬರೆದೆ: 'ಅಳತೆ ಓದಲು ಬರುವುದಿಲ್ಲ. ಪರೀಕ್ಷಾ ವಿಭಾಗಕ್ಕೆ ಅನರ್ಹ.' ಸಹಿ ಹಾಕಿದೆ. ಹುಡುಗರ ಪುಸ್ತಕಗಳಿಗೆ ಸಹಿ ಹಾಕುವ ಮೊದಲೇ ನನ್ನ ಲೋಕಲ್ ರೈಲಿನ ಹೊತ್ತಾಯಿತು. ನಾಳೆ ಹಾಕುವೆನೆಂದು ಆರನ್ನೂ ಚೀಲಕ್ಕೆ ತುಂಬಿದೆ.

ಅವಳು ಬಾಗಿಲ ತನಕ ಬಂದು ಹೇಳಿದಳು, "ನಾ ಪಿನ್ ಅಳದೇನ್ರಿ ಸರ. ಇಲ್ಲಿ ಅಳದಾಕಿ ನಾ ಒಬ್ಬಾಕಿನೇ."

"ಚೀರಬೇಡ" ಎಂದೆ. ಅವಳು ಚೀರಿರಲಿಲ್ಲ.

ಕುರ್ಲಾದಿಂದ ದಾದರ್, ದಾದರಿನಲ್ಲಿ ಗಾಡಿ ಬದಲಿಸಿ ಬೊರಿವಲಿ. ಅಂಧೇರಿ ದಾಟಿದ ಮೇಲೆ ಕೂರಲು ಜಾಗ ಸಿಕ್ಕಿತು. ದಿನದ ಕಾಗದಗಳನ್ನು ಅಂದೇ ಜೋಡಿಸುವುದು ನನ್ನ ಅಭ್ಯಾಸ. ನನ್ನ ಹಾಳೆಯನ್ನೂ ಅವಳ ಪುಸ್ತಕವನ್ನೂ ತೊಡೆಯ ಮೇಲೆ ಅಕ್ಕಪಕ್ಕ ಇಟ್ಟೆ. ಮೊದಲ ಪಿನ್ನು: ನನ್ನದಕ್ಕಿಂತ ಅವಳದು ಎರಡು ಗೆರೆ ಹೆಚ್ಚು. ಎರಡನೆಯದು: ಎರಡು ಗೆರೆ ಹೆಚ್ಚು. ಮೂರನೆಯದು, ನಾಲ್ಕನೆಯದು. ಹತ್ತಕ್ಕೆ ಹತ್ತೂ ಎರಡು ಗೆರೆ ಹೆಚ್ಚು. ಒಂದೂ ಅಲ್ಲ, ಮೂರೂ ಅಲ್ಲ.

ಅಳೆಯಲು ಬಾರದ ಕೈ ಇಷ್ಟು ಶಿಸ್ತಿನಿಂದ ತಪ್ಪು ಮಾಡುವುದಿಲ್ಲ.

ಹುಡುಗರ ಪುಸ್ತಕಗಳನ್ನು ತೆಗೆದೆ. ಶೆಡ್ಡಿನಲ್ಲಿ ನಾನು ನೋಡಿದ್ದು ಮಿತಿಯೊಳಗಿದೆಯೇ ಇಲ್ಲವೇ ಎಂದಷ್ಟೇ. ಈಗ ಒಂದೊಂದಾಗಿ ಹೋಲಿಸಿದೆ. ನಾನು ಎರಡು ಗೆರೆ ತೆಳ್ಳಗೆಂದು ಕಂಡದ್ದು ಅವರಲ್ಲಿ ಸರಿಯಾಗಿ ಇಪ್ಪತ್ತು. ನಾನು ಇಪ್ಪತ್ತೆಂದು ಕಂಡದ್ದು ಅವರಲ್ಲಿ ಮೂರು ಗೆರೆ ತೆಳ್ಳಗೆ. ಯಾವುದಕ್ಕೂ ಯಾವುದೂ ತಾಳೆಯಿಲ್ಲ. ಇಬ್ಬರ ಪುಸ್ತಕದಲ್ಲಿ ಒಂದಿಡೀ ದಿನದ ನಲವತ್ತು ಅಂಕಿಗಳು ಅದೇ ಸಾಲಿನಲ್ಲಿ, ಅದೇ ಕ್ರಮದಲ್ಲಿದ್ದವು. ಮಿತಿ ಎಷ್ಟೆಂದು ನಾನೇ ಹೇಳಿಕೊಟ್ಟಿದ್ದೆ. ಅದರೊಳಗೆ ತೋಚಿದ್ದನ್ನು ಬರೆದುಕೊಂಡಿದ್ದರು.

ಬೊರಿವಲಿ ಬಂದದ್ದು ಎದುರಿನವನು ಭುಜ ತಟ್ಟಿದಾಗ ಗೊತ್ತಾಯಿತು. ಅದು ನನಗೆ ಎಂದೂ ಆದದ್ದಲ್ಲ.

ಮರುದಿನ ಶೇಠು ಬೀಗ ತೆಗೆಯುವ ಮೊದಲೇ ನಾನು ಶೆಡ್ಡಿನ ಮುಂದಿದ್ದೆ. ಕಪಾಟು ತೆಗೆಸಿದೆ. ಮೈಕ್ರೋಮೀಟರಿನ ಎರಡು ದವಡೆಗಳನ್ನು ಒರೆಸಿ, ನಡುವೆ ಏನೂ ಇಡದೆ ಮುಚ್ಚಿದೆ. ಸೊನ್ನೆ ತೋರಿಸಬೇಕಾದ ಉಪಕರಣ ಎರಡು ಗೆರೆ ತೋರಿಸಿತು. ಬರಿದಾಗಿದ್ದಾಗಲೇ ಅದು ಎರಡು ಗೆರೆ ಹೆಚ್ಚು ಹೇಳುತ್ತಿತ್ತು.

ಪಕ್ಕದ ನೋಟುಬುಕ್ಕು ತೆರೆದೆ. ನಾಲ್ಕು ವಾರದಲ್ಲಿ ಮೈಕ್ರೋಮೀಟರು ಒಯ್ದವರ ಪಟ್ಟಿಯಲ್ಲಿ, ದಿನಕ್ಕೊಂದರಂತೆ, ಅವಳೊಬ್ಬಳದೇ ಹೆಸರು.

ಅವಳು ಹೇಳಿದ್ದು ನಿಜ. ಅಳೆದವಳ ಪುಸ್ತಕ ತಪ್ಪಾಯಿತು, ಅಳೆಯದವರ ಪುಸ್ತಕ ಸರಿಯಾಯಿತು. ಉಪಕರಣವನ್ನು ಮೊದಲು ಅನುಮಾನಿಸಬೇಕಾದವನು ನಾನು ಮನುಷ್ಯನಿಂದ ಆರಂಭಿಸಿದ್ದೆ.

ಅವಳು ಎಂಟೂವರೆಗೆ ಬಂದಳು. ನನ್ನನ್ನು ಕಂಡು ಮುಖ ತಿರುಗಿಸಿದಳು.

"ಬಾ ಇಲ್ಲಿ. ಇದನ್ನು ಮುಚ್ಚು. ಏನು ಕಾಣ್ತದೆ ಹೇಳು."

ಮುಚ್ಚಿದಳು. ನೋಡಿದಳು. ತೆರೆದು ಮತ್ತೊಮ್ಮೆ ಮುಚ್ಚಿದಳು.

"ಇದಕ್ಕೆ ಎಂತ ಹೇಳ್ತಾರೆ?"

"ಸೊನ್ನಿ ದೋಷ ರೀ. ಝೀರೋ ಎರರ್."

"ಗೊತ್ತುಂಟಾ?"

"ಐದು ಮಾರ್ಕಿನ ಪ್ರಶ್ನೆ ಇತ್ರಿ. ಚಿತ್ರ ತಗದು ಬರದಿದ್ನಿ. ಐದಕ್ಕ ಐದು ಬಂದಿತ್ತು."

"ಹಾಗಾದ್ರೆ ಇಲ್ಲಿ ಯಾಕೆ ನೋಡ್ಲಿಲ್ಲ?"

ಅವಳು ಮೈಕ್ರೋಮೀಟರನ್ನು ಮೇಜಿನ ಮೇಲಿಟ್ಟಳು. "ನೀವು ಎಲ್ಲಿ ಹೇಳಿದ್ರಿ? ಹಿಡಿಯೂದು ಹೇಳಿದ್ರಿ, ಬಿಗಿಸೂದು ಹೇಳಿದ್ರಿ. ಮುಚ್ಚಿ ನೋಡು ಅಂತ ಒಂದ್ಸಲನೂ ಹೇಳಲಿಲ್ಲ. ಅಬ್ಬಾ, ನಿನ್ನೆ ಅನರ್ಹ ಅಂತ ಬರೀವಾಗ ಮಾತ್ರ ಕೈ ಪಟಪಟ ಓಡ್ತು!"

ಇಂಥ ಮಾತನ್ನು ನನ್ನೆದುರು ಯಾರೂ ಆಡಿರಲಿಲ್ಲ. ಬೈಯಲು ಬಾಯಿ ತೆರೆದವನು ಮೊದಲ ದಿನವನ್ನು ನೆನಪಿಸಿಕೊಂಡೆ. ಪೆಟ್ಟಿಗೆಯಿಂದ ನನ್ನ ಮೈಕ್ರೋಮೀಟರನ್ನು ತೆಗೆದ ಕೂಡಲೆ ನನ್ನ ಕೈ ತಾನಾಗಿ ಅದನ್ನು ಒರೆಸಿ, ಮುಚ್ಚಿ, ಸೊನ್ನೆ ನೋಡಿತ್ತು. ಕೈ ಮಾಡಿದ್ದನ್ನು ಬಾಯಿ ಹೇಳಲಿಲ್ಲ. ಅದು ಹೇಳಬೇಕಾದ ಸಂಗತಿ ಎಂದೇ ನನಗೆ ತೋರಿರಲಿಲ್ಲ. ಕಾಲೇಜು ಅವಳಿಗೆ ಮಾತು ಕೊಟ್ಟಿತ್ತು, ಕೈ ಕೊಟ್ಟಿರಲಿಲ್ಲ. ನನ್ನಲ್ಲಿ ಕೈ ಉಳಿದು ಮಾತು ಹೋಗಿತ್ತು. ಇವೆರಡನ್ನು ಸೇರಿಸುವುದಕ್ಕೆಂದೇ ನನ್ನನ್ನು ಕರೆದದ್ದು.

"ನಡಿ ಕಾಲೇಜಿಗೆ. ನಾನು ಬರೆದದ್ದರ ಮೇಲೆ ಗೆರೆ ಎಳೆದು ತಿದ್ದಬೇಕು" ಎಂದೆ.

ಪ್ರೊಫೆಸರು ನಾನು ಹೇಳಿದ್ದನ್ನು ಕೇಳಿ ಕುರ್ಚಿಯಲ್ಲಿ ಹಿಂದಕ್ಕೊರಗಿದರು. "ಅದಕ್ಕೆ ಇಷ್ಟು ಗಲಾಟೆ ಯಾಕೆ ಮಾಸ್ಟ್ರೇ? ಇವಳಿಗೆ ಹೊಸ ಪುಸ್ತಕ ಕೊಡುವ. ಎಲ್ಲಾ ಅಳತೆ ಲಿಮಿಟ್ ಒಳಗೆ ಬರೀಲಿ. ನೀವು ಆರೂ ಪುಸ್ತಕಕ್ಕೆ ಒಳ್ಳೇದು ಬರೆದು ಸೈ ಹಾಕಿ. ನಾಡಿದ್ದು ಇಂಟರ್‌ವ್ಯೂ ಉಂಟು."

"ಆ ಐವರು ನಾಲ್ಕು ವಾರ ಉಪಕರಣ ಮುಟ್ಲಿಲ್ಲ. ಅವರಿಗೆ ನಾನು ಸೈ ಹಾಕುದಿಲ್ಲ."

"ಹಾಗಾದ್ರೆ ಇವಳಿಗೂ ಹೊಸ ಪುಸ್ತಕ ಇಲ್ಲ. ಒಬ್ಬಳಿಗೊಂದು ರೂಲು, ಐವರಿಗೊಂದು ರೂಲು ಮಾಡ್ಲಿಕ್ಕೆ ಆಗುದಿಲ್ಲ ನೋಡಿ. ತಗೊಂಡ್ರೆ ಆರೂ, ಬಿಟ್ರೆ ಆರೂ."

ಅವರು ಡ್ರಾಯರಿನಿಂದ ಹೊಸ ನೀಲಿ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಹುಡುಗಿಯ ಕಡೆ ನೋಡಿ, "ನೀನೇ ಹೇಳಮ್ಮ ಮಾಸ್ಟ್ರಿಗೆ. ಕೆಲಸ ನಿನಗೆ ಬೇಕಾದ್ದು, ಅವರಿಗಲ್ಲ. ಅವರಿಗೆ ಪೆನ್ಷನ್ ಬರ್ತದೆ."

"ಸರ, ನಿಮ್ಮ ಕಾನೂನು ನಿಮ್ಮ ಹತ್ರ ಇಟ್ಕೋರಿ" ಎಂದು ಅವಳು ನನಗೆ ಹೇಳಿದಳು. "ನಮ್ಮಪ್ಪನ ಬಿಲ್ಡಿಂಗ್ ಮುಗೀತು. ಬರೂ ವಾರ ಟೆಂಪೊ ಬರ್ತೈತಿ. ಅನರ್ಹ ಅಂತ ಬರದದ್ದು ತಗೊಂಡು ನಾ ಎಲ್ಲಿ ಹೋಗ್ಲಿ? ಗೆರಿ ಎಳದ್ರೂ ಅದು ಕಾಣಸ್ತೈತಿ."

"ಕಾಣ್ಬೇಕು" ಎಂದೆ. "ತಪ್ಪು ಕಾಣ್ಬೇಕು. ಯಾರ ತಪ್ಪು ಅಂತ ಪಕ್ಕದಲ್ಲಿ ಬರೀತೇನೆ."

"ನಿಮಗೇನ್ರಿ!"

ಅವಳು ಹೊಸ ಪುಸ್ತಕವನ್ನು ಎಳೆದುಕೊಂಡಳು. ಪ್ರೊಫೆಸರು ಪೆನ್ನು ಕೊಟ್ಟರು. ಅವಳು ಸಹಿಗೆ ಕೇಳಿದರೆ ಇಲ್ಲವೆನ್ನುವುದೆಂದು ನಿರ್ಧರಿಸಿದ್ದೆ, ಅವಳ ನೌಕರಿ ಹೋದರೂ. ಇದನ್ನು ಈಗ ಬರೆಯುವಾಗ ಹೆಮ್ಮೆಯೇನೂ ಇಲ್ಲ. ಆದರೆ ನಿರ್ಧರಿಸಿದ್ದೆ.

ಮೊದಲ ಪುಟದಲ್ಲಿ ಅವಳು ತಾರೀಕು ಬರೆದಳು. ಒಂದು, ಎರಡು, ಮೂರು ಎಂದು ಪಿನ್ನುಗಳ ಸಂಖ್ಯೆ ಬರೆದಳು. ಮೊದಲ ಪಿನ್ನಿನ ಎದುರು ಪೆನ್ನು ನಿಂತಿತು. ಪುಟ ತಿರುವಿ ಖಾಲಿ ಹಾಳೆಗಳನ್ನು ಬೆರಳಿನಿಂದ ಎಣಿಸಿದಳು.

"ಇಪ್ಪತ್ನಾಕು ದಿನದ್ದು. ದಿನಕ್ಕ ನಲವತ್ತು" ಎಂದಳು. "ಖರೇ ಅಳದು ಬರಿಯಾಕ ನನ್ನ ಬೆರಳು ಬೊಬ್ಬಿ ಬಂದಾವ. ಈಗ ಕೂತು ಮತ್ತ ಅಷ್ಟೂ ಸುಳ್ಳ ಬರೀಬೇಕು?" ಪೆನ್ನು ಮೇಜಿನ ಮೇಲೆ ಬಿತ್ತು. "ನನ್ನ ಪುಸ್ತಕ ಕೊಡ್ರಿ ಸರ. ಎಳೀರಿ ನಿಮ್ಮ ಗೆರಿ. ನೆಟ್ಟಗ ಎಳೀರಿ ಮತ್ತ."

ಅಲ್ಲೇ ಕುಳಿತು, ಅಡಿಪಟ್ಟಿಯಿಟ್ಟು, ನಾನು ಬರೆದದ್ದರ ಮೇಲೆ ಒಂದೇ ಗೆರೆ ಎಳೆದೆ. ಪಕ್ಕದಲ್ಲಿ ಸಹಿ ಹಾಕಿದೆ. ಕೆಳಗೆ ಬರೆದೆ: 'ಉಪಕರಣದಲ್ಲಿ ಎರಡು ಗೆರೆ ದೋಷವಿತ್ತು. ಈಕೆ ಓದಿದ್ದು ಎಲ್ಲವೂ ಸರಿ. ಉಪಕರಣ ನೋಡದೆ ತೀರ್ಪು ಬರೆದದ್ದು ನನ್ನ ತಪ್ಪು. ಸೊನ್ನೆ ನೋಡದೆ ಅಳೆದದ್ದು ಈಕೆಯ ತಪ್ಪು. ಪರೀಕ್ಷಾ ವಿಭಾಗಕ್ಕೆ ಅರ್ಹ.'

ಅವಳು ಓದಿದಳು. "ನಂದೂ ಬರೀಬೇಕಿತ್ತೇನು?"

"ಬರೀಬೇಕಿತ್ತು."

ಪ್ರೊಫೆಸರು ಎದ್ದು ಬಾಗಿಲು ತೆರೆದು ಹಿಡಿದರು. "ನಿಮ್ಮಂಥವರಿಂದಲೇ ಮಾಸ್ಟ್ರೇ, ನಮ್ಮ ಮಕ್ಕಳಿಗೆ ಕೆಲಸ ಸಿಗುದಿಲ್ಲ."

"ನಿಮ್ಮಂಥವರಿಂದ ಸಿಕ್ತದೆ. ಉಳಿಯುದಿಲ್ಲ" ಎಂದೆ.

ಐವರು ಹುಡುಗರಿಗೆ ಬೇರೊಬ್ಬರು ಸಹಿ ಹಾಕಿಕೊಟ್ಟರೆಂದು ಆಮೇಲೆ ತಿಳಿಯಿತು. ನನ್ನನ್ನು ಕಾಲೇಜು ಮತ್ತೆ ಕರೆಯಲಿಲ್ಲ. ಬ್ಯಾನರು ಇನ್ನೂ ಇದೆ, ಬಸ್ಸಿನಿಂದ ಕಾಣುತ್ತದೆ.

ನಮ್ಮ ರಸ್ತೆಯ ತುದಿಯ ತಗಡಿನ ಮನೆಗಳು ಒಂದು ಬೆಳಿಗ್ಗೆ ಇರಲಿಲ್ಲ. ವಾಕಿಂಗಿಗೆ ಹೋದಾಗ ನೋಡಿದೆ. ಒಲೆಯ ಮೂರು ಕಲ್ಲು, ಒಂದು ಹರಿದ ಚಪ್ಪಲಿ. ಯಾರು ಹೋದರು, ಯಾರು ಉಳಿದರು ಎಂದು ವಾಚ್‌ಮನ್‌ನನ್ನು ಕೇಳಬಹುದಿತ್ತು. ಕೇಳಲಿಲ್ಲ. ಎರಡು ದಿನ ಆ ದಾರಿಯನ್ನೇ ಬಿಟ್ಟೆ.

ಮುಂದಿನ ವಾರ ಬೆಳಿಗ್ಗೆ ಆರೂ ಐವತ್ತಕ್ಕೆ ಫೋನು ಬಂತು. ಆ ಹೊತ್ತಿನಲ್ಲಿ ನನಗೆ ಯಾರೂ ಫೋನು ಮಾಡುವುದಿಲ್ಲ. ಪೇಪರು ಓದುವ ಹೊತ್ತು.

"ಸರ, ನಾ ವಿಕ್ರೋಳಿ ಸ್ಟೇಷನ್ನಾಗ ಅದೀನಿ. ಇವತ್ತಿಂದ ಡ್ಯೂಟಿ. ನಿಮಗ ಹೇಳಬೇಕಂತ ನನ್ನ ಮನಸಿನಾಗ ಇದ್ದಿದ್ದಿಲ್ಲ, ಅತ್ತಿ ಹೇಳಂದ್ಲು."

"ಪುಸ್ತಕ ನೋಡಿದ್ರಾ ಅಲ್ಲಿ?"

"ಇಂಟರ್‌ವ್ಯೂಕ್ಕ ನಾನೇ ಪುಸ್ತಕ ಒಯ್ದಿದ್ನಿ. ಕಡೀ ಪುಟಾನೇ ಹತ್ತು ಸಲ ಓದಿದ್ರು. ಆಮ್ಯಾಲೆ ಒಂದು ಮೈಕ್ರೋಮೀಟರ್ ಕೈಗೆ ಕೊಟ್ಟು, ಅಳಿ ಅಂದ್ರು. ನಾ ಮೊದಲ ಮುಚ್ಚಿ ನೋಡಿದ್ನಿ. ಅಷ್ಟ."

"ದಿನಾ ನೋಡ್ಬೇಕು. ಪ್ರತಿ ಸಲ ನೋಡ್ಬೇಕು."

"ನೋಡ್ತೀನ್ರಿ. ನೋಡಿದಾಗೆಲ್ಲಾ ನಿಮ್ಮನ್ನ ಬೈತೀನಿ."

"ಬೈ. ಏಳೂವರೆಗೆ ಗೇಟು ಮುಚ್ತದೆ. ಓಡು" ಎಂದೆ.

ಅವಳು ಆಗಲೇ ಫೋನು ಇಟ್ಟಿದ್ದಳು. ನಾನು ಪೇಪರನ್ನು ಬಿಟ್ಟಲ್ಲಿಂದ ಓದತೊಡಗಿದೆ. ನನಗೆ ಕಲಿಸಿದ ಆ ಕುಳ್ಳ ತಮಿಳು ಹಿರಿಯರನ್ನು ಅಂದು ಬೆಳಿಗ್ಗೆ ನಾನೂ ಒಮ್ಮೆ ಬೈದೆ, ಬಹಳ ವರ್ಷಗಳ ನಂತರ, ಬಾಯಿಬಿಟ್ಟು.